ಝಕಾತ್ ಅರ್ಜಿ ಮುನ್ನೂರ ನಲವತ್ತು: ಬಡತನವನ್ನು ಅಳೆಯುವ ಸೇರು ಯಾವುದು?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯ ಕಡಲತೀರದ ಊರು. ಮಸೀದಿಯ ಜಮಾಅತಿನಲ್ಲಿ ಬ್ಯಾರಿ ಮನೆಗಳೂ ಇವೆ, ಉರ್ದು ಮಾತನಾಡುವ ಮನೆಗಳೂ ಇವೆ. ಮೂರು ವರ್ಷದಿಂದ ಉಳ್ಳವರು ಕೊಡಲೇಬೇಕಾದ ಝಕಾತನ್ನು ಒಂದೆಡೆ ಸೇರಿಸಿ ಹಂಚುತ್ತಿದ್ದೇವೆ. ಈ ಸಲ 12 ಲಕ್ಷ ರೂಪಾಯಿ ಕೂಡಿದೆ, ಅರ್ಜಿ 340 ಬಂದಿವೆ. ಬಿಪಿಎಲ್ ಕಾರ್ಡ್ ಇದ್ದವರಿಗೆಲ್ಲ ಸಮನಾಗಿ ಹಂಚಿಬಿಡೋಣ ಎಂದು ಕೆಲವರು ಹೇಳುತ್ತಾರೆ. ತಿಂಗಳ ಆದಾಯ ಬರೆಸಿಕೊಂಡು ಒಂದು ಮಿತಿ ಹಾಕೋಣ ಎಂದು ಇನ್ನು ಕೆಲವರು. ನಿಜವಾದ ಬಡವರು ಯಾರೆಂದು ಅಳೆಯಲು, ಧರ್ಮಕ್ಕೂ ಲೆಕ್ಕಕ್ಕೂ ಒಪ್ಪುವ ಕ್ರಮವೇನಾದರೂ ಇದೆಯೇ? — ಜಮಾಅತ್ ಕಾರ್ಯದರ್ಶಿ

ಉತ್ತರ: 12 ಲಕ್ಷವನ್ನು 340ರಿಂದ ಭಾಗಿಸಿದರೆ ಮನೆಗೆ 3,529 ರೂಪಾಯಿ. ಮಕ್ಕಳಿಗೆ ಹಬ್ಬದ ಬಟ್ಟೆ, ಅಂಗಡಿಯ ಹಳೆಯ ಬಾಕಿಯಲ್ಲಿ ಒಂದಿಷ್ಟು, ಅಲ್ಲಿಗೆ ಮುಗಿಯಿತು. ಮುಂದಿನ ರಂಝಾನಿಗೆ ಅದೇ 340 ಮನೆಗಳು ಬರುತ್ತವೆ, ಜೊತೆಗೆ ಹೊಸದಾಗಿ ಇಪ್ಪತ್ತು. ಸಮನಾಗಿ ಹಂಚಿದರೆ ಜಗಳವಿಲ್ಲ ಎನ್ನುವುದು ನಿಜ. ಅಳೆಯುವ ಕೆಲಸವನ್ನೇ ಕೈಬಿಟ್ಟ ಮೇಲೆ ಜಗಳಕ್ಕೆ ಕಾರಣವಾದರೂ ಎಲ್ಲಿ ಉಳಿಯುತ್ತದೆ? ಕೊಟ್ಟರೆ ಅವರ ಕೊರತೆ ನೀಗುವಷ್ಟು ಕೊಡಿ ಎಂಬ ಅರ್ಥದ ಮಾತೊಂದು ಖಲೀಫಾ ಉಮರ್ ಅವರ ಹೆಸರಿನಲ್ಲಿ ಹಳೆಯ ಗ್ರಂಥಗಳಲ್ಲಿದೆ. ನಿಮ್ಮ ಕಮಿಟಿಯ ಮುಂದಿನ ಸಭೆಯಲ್ಲಿ ಮೊದಲು ಇದನ್ನೇ ಓದಿಸಿ.

ಬಿಪಿಎಲ್ ಕಾರ್ಡ್ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದರಿಂದ ಆಗುವ ಕೆಲಸ ಕಡಿಮೆ. ನಮ್ಮ ರಾಜ್ಯದಲ್ಲಿ ಅದಕ್ಕಿರುವ ಆದಾಯ ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ. ಇಬ್ಬರ ಮನೆಗೂ ಎಂಟು ಜನರ ಮನೆಗೂ ಅದೇ ಮಿತಿ. ಅದು ಹೇಳುವುದು ಕಾರ್ಡು ಮಾಡಿಸಿದ ದಿನದ ಸ್ಥಿತಿಯನ್ನು. ಬೇರೆ ಮನೆ ಮಾಡಿದ ಮಗನ ಹೆಸರು ಇನ್ನೂ ತಾಯಿಯ ಕಾರ್ಡಿನಲ್ಲೇ ಇರುತ್ತದೆ. ಗಂಡನಿಂದ ದೂರವಾದ ಹೆಂಗಸಿನ ಹೆಸರು ಅವನ ಮನೆಯ ಕಾರ್ಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಕೊಪ್ಪಳದಿಂದಲೋ ಹಾವೇರಿಯಿಂದಲೋ ದುಡಿಯಲು ಬಂದು ಬಾಡಿಗೆ ಕೋಣೆಯಲ್ಲಿರುವವನ ಕಾರ್ಡು ಊರಿನಲ್ಲಿರುತ್ತದೆ. ಈ ಮೂವರೂ ನಿಮ್ಮ ಝಕಾತಿಗೆ ಮೊದಲು ಸಲ್ಲಬೇಕಾದವರು, ಕಾರ್ಡು ನೋಡಿದರೆ ಮೂವರೂ ಹೊರಗೆ.

ತಿಂಗಳ ಆದಾಯದ ಪ್ರಶ್ನೆಯಂತೂ ಇನ್ನೂ ಕಷ್ಟ. ಬೀಡಿ ಕಟ್ಟುವವರಿಗೆ ವಾರದ ಲೆಕ್ಕ, ದೋಣಿಗೆ ಹೋಗುವವರಿಗೆ ಪಾಲಿನ ಲೆಕ್ಕ, ಗಾರೆ ಕೆಲಸದವರಿಗೆ ಕೂಲಿ ಸಿಕ್ಕ ದಿನದ ಲೆಕ್ಕ, ರಿಕ್ಷಾದವರಿಗೆ ಸಂಜೆಯ ಲೆಕ್ಕ. ‘ತಿಂಗಳಿಗೆ ಎಷ್ಟು’ ಎಂದರೆ ಅವರು ನಿಮ್ಮ ಮುಖ ನೋಡಿ ಒಂದು ಸಂಖ್ಯೆ ಹೇಳುತ್ತಾರೆ. ಕೇಳುವವನೇ ಕೊಡುವವನೂ ಆಗಿರುವಾಗ ಆ ಸಂಖ್ಯೆ ಸ್ವಲ್ಪ ಕುಗ್ಗುತ್ತದೆ. ಇದನ್ನು ಮೋಸ ಎನ್ನಬೇಡಿ. ನಾವೂ ಆದಾಯ ತೆರಿಗೆಯವರ ಮುಂದೆ ಮಾಡುವುದು ಇದನ್ನೇ.

ಇನ್ನು ಧರ್ಮಶಾಸ್ತ್ರದ ಮಾತು. ನಿಮ್ಮ ಜಮಾಅತಿನಲ್ಲಿ ಎರಡೂ ಬಗೆಯ ಮನೆಗಳಿವೆ ಎಂದಿದ್ದೀರಿ. ಹಾಗಾದರೆ ಕಮಿಟಿಯ ವಾದದ ಬೇರು ಅಲ್ಲೇ ಇರಬಹುದು, ಯಾರೂ ಅದನ್ನು ಗಮನಿಸಿಲ್ಲ ಅಷ್ಟೇ. ಕುರ್‌ಆನಿನ ಒಂಬತ್ತನೇ ಅಧ್ಯಾಯದ 60ನೇ ವಚನ ಝಕಾತಿಗೆ ಹಕ್ಕುದಾರರಾದ ಎಂಟು ವರ್ಗಗಳನ್ನು ಹೇಳುತ್ತದೆ. ಮೊದಲೆರಡು ಫಕೀರ್ ಮತ್ತು ಮಿಸ್ಕೀನ್, ಎರಡೂ ಬಡವರ ವರ್ಗಗಳೇ. ಉರ್ದು ಮನೆಗಳು ಸಾಮಾನ್ಯವಾಗಿ ಅನುಸರಿಸುವ ಧರ್ಮಶಾಸ್ತ್ರದ ಪಂಥವಾದ ಹನಫಿ ಮದ್‌ಹಬ್ ನೋಡುವುದು ಕೈಯಲ್ಲಿರುವ ಆಸ್ತಿಯನ್ನು. ವಾಸದ ಮನೆ, ಬಟ್ಟೆಬರೆ, ಕಸುಬಿನ ಸಲಕರಣೆ ಇಂಥ ಮೂಲ ಅಗತ್ಯಗಳನ್ನೂ ಸಾಲವನ್ನೂ ಕಳೆದ ಮೇಲೆ ನಿಸಾಬಿನಷ್ಟು (ಝಕಾತಿಗೆ ಗೊತ್ತುಮಾಡಿದ ಕನಿಷ್ಠ ಆಸ್ತಿಯಷ್ಟು) ಉಳಿದರೆ ಅವನು ಝಕಾತ್ ಪಡೆಯುವಂತಿಲ್ಲ. ಬ್ಯಾರಿಗಳೂ ನವಾಯತರೂ ಅನುಸರಿಸುವ ಶಾಫಿಈ ಮದ್‌ಹಬ್ ಕೇಳುವುದು ಬೇರೊಂದು ಪ್ರಶ್ನೆ: ಬರುವುದು ಬದುಕಿಗೆ ಸಾಕಾಗುತ್ತದೆಯೇ? ಅವರ ಗ್ರಂಥಗಳಲ್ಲಿ ಬರುವ ಉದಾಹರಣೆ ಸರಳವಾಗಿದೆ. ಹತ್ತು ಬೇಕಾದಲ್ಲಿ ಎರಡೋ ಮೂರೋ ಇರುವವನು ಫಕೀರ್, ಏಳೋ ಎಂಟೋ ಇರುವವನು ಮಿಸ್ಕೀನ್. ಹನಫಿಗಳಲ್ಲಿ ಈ ಕ್ರಮ ತಿರುವುಮುರುವು. ಅವರಿಗೆ ಮಿಸ್ಕೀನ್ ಎಂದರೆ ಏನೂ ಇಲ್ಲದವನು.

ಶಾಫಿಈ ವಿದ್ವಾಂಸರು ತಮ್ಮ ಮಾತಿಗೆ ಕೊಡುವ ಆಧಾರ ಕರಾವಳಿಯವರಿಗೆ ಚೆನ್ನಾಗಿ ಹಿಡಿಸುವಂಥದ್ದು. ಹದಿನೆಂಟನೇ ಅಧ್ಯಾಯದಲ್ಲಿ ಮೂಸಾ ಪ್ರವಾದಿಯ ಪಯಣದ ಪ್ರಸಂಗ ಬರುತ್ತದಲ್ಲ, ಅಲ್ಲಿ ಒಂದು ದೋಣಿಯಿದೆ. ‘ಅದು ಕಡಲಲ್ಲಿ ದುಡಿಯುವ ಮಿಸ್ಕೀನರದ್ದು’ ಎನ್ನುತ್ತದೆ ವಚನ. ದೋಣಿಯ ಒಡೆಯರು, ಆದರೂ ಮಿಸ್ಕೀನರು. ‘ಅವನಿಗೆ ದೋಣಿಯಿದೆ, ಅವನೇನು ಬಡವ’ ಎಂದು ನಿಮ್ಮ ಸಭೆಯಲ್ಲಿ ಯಾರಾದರೂ ಅಂದರೆ ಇದನ್ನು ನೆನಪಿಸಿ.

ಆಸ್ತಿಯನ್ನಷ್ಟೇ ನೋಡಿದರೆ ಇನ್ನೊಂದು ತೊಡಕಿದೆ. ನಮ್ಮಲ್ಲಿ ಬಳಕೆಯಲ್ಲಿರುವ ನಿಸಾಬ್ ಚಿನ್ನಕ್ಕೆ ಏಳೂವರೆ ತೊಲ, ಅಂದರೆ 87.48 ಗ್ರಾಂ, ಬೆಳ್ಳಿಗೆ ಐವತ್ತೆರಡೂವರೆ ತೊಲ, 612.36 ಗ್ರಾಂ. ಪ್ರವಾದಿಯವರ ಕಾಲದಲ್ಲಿ ಇವೆರಡರ ಬೆಲೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಇಂದು ಚಿನ್ನದ ನಿಸಾಬಿನ ಬೆಲೆ ಬೆಳ್ಳಿಯದರ ಅನೇಕ ಪಟ್ಟು. ವಿಧವೆಯೊಬ್ಬಳ ಬಳಿ ಮದುವೆಯ ಎರಡು ಪವನ್ ಚಿನ್ನ ಉಳಿದಿದೆ, ಜೊತೆಗೆ ಪುಡಿಗಾಸು ಇದೆ ಎಂದುಕೊಳ್ಳಿ. ಎರಡನ್ನೂ ಕೂಡಿಸಿ ಬೆಳ್ಳಿಯ ಬೆಲೆಗೆ ತೂಗಿದರೆ ಅವಳೇ ಝಕಾತ್ ಕೊಡಬೇಕಾದವಳು ಎಂದಾಗಿಬಿಡಬಹುದು. ಅತ್ತ ತಿಂಗಳಿಗೆ 40 ಸಾವಿರ ದುಡಿದು ಅಷ್ಟನ್ನೂ ಖರ್ಚು ಮಾಡುವವನು, ಉಳಿತಾಯವಿಲ್ಲದ ಕಾರಣಕ್ಕೆ ಪಡೆಯಲು ಅರ್ಹನಾಗುತ್ತಾನೆ. ಯಾವ ನಿಸಾಬ್ ಹಿಡಿಯಬೇಕೆನ್ನುವುದು ನಿಮ್ಮ ಖಾಝಿಯವರು ಹೇಳಬೇಕಾದ ಮಾತು, ನನ್ನದಲ್ಲ. ನಾನು ಹೇಳುವುದು ಇಷ್ಟೇ: ಯಾರು ಒಳಗೆ, ಯಾರು ಹೊರಗೆ ಎಂಬುದಕ್ಕೆ ನಿಸಾಬನ್ನು ಇಟ್ಟುಕೊಳ್ಳಿ. ಒಳಗೆ ಬಂದವರಲ್ಲಿ ಯಾರಿಗೆ ಮೊದಲು, ಎಷ್ಟು ಎಂಬುದಕ್ಕೆ ‘ಕಿಫಾಯ’ ಅಂದರೆ ‘ಸಾಕಾಗುವಷ್ಟು’ ಎಂಬ ಅಳತೆಯನ್ನು ಹಿಡಿಯಿರಿ. ಹನಫಿ ಮನೆಗೂ ಶಾಫಿಈ ಮನೆಗೂ ಇದು ನಡೆಯುತ್ತದೆ.

ಇದನ್ನು ವ್ಯವಸ್ಥಿತವಾಗಿ ಬಳಕೆಗೆ ತಂದವರು ಮಲೇಷ್ಯಾದವರು. ಅಲ್ಲಿ ಶಾಫಿಈ ಮದ್‌ಹಬ್ ಪ್ರಧಾನ, ಝಕಾತ್ ಸಂಗ್ರಹ ಆಯಾ ರಾಜ್ಯದ ಧಾರ್ಮಿಕ ಮಂಡಳಿಯ ಕೆಲಸ. ಅವರ ‘ಹದ್ ಕಿಫಾಯ’ ಪದ್ಧತಿಯಲ್ಲಿ ಒಂದು ಕುಟುಂಬಕ್ಕೆ ವಸತಿ, ಆಹಾರ, ಬಟ್ಟೆ, ಆರೋಗ್ಯ, ಶಿಕ್ಷಣ, ಓಡಾಟ ಇವಕ್ಕೆ ಆ ಊರಿನಲ್ಲಿ ಎಷ್ಟು ಬೇಕೆಂದು ಲೆಕ್ಕ ಹಾಕುತ್ತಾರೆ. ದುಡಿಯುವ ಹಿರಿಯರಿಗೆ ಒಂದು ಮೊತ್ತ, ದುಡಿಯದವರಿಗೆ ಒಂದು, ಶಾಲೆಗೆ ಹೋಗುವ ಮಗುವಿಗೆ ಒಂದು, ಎಳೆಯ ಮಗುವಿಗೆ ಇನ್ನೊಂದು. ಅಂಗವಿಕಲರೋ ದೀರ್ಘ ಕಾಯಿಲೆಯವರೋ ಇದ್ದರೆ ಮೇಲೊಂದಿಷ್ಟು. ಹೀಗೆ ಬಂದ ಮೊತ್ತದ ಅರ್ಧವೂ ಆದಾಯ ಇಲ್ಲದಿದ್ದರೆ ಫಕೀರ್, ಅರ್ಧ ದಾಟಿಯೂ ಪೂರ್ತಿ ಮುಟ್ಟದಿದ್ದರೆ ಮಿಸ್ಕೀನ್. ಹತ್ತರಲ್ಲಿ ಎರಡು, ಹತ್ತರಲ್ಲಿ ಏಳು ಎಂಬ ಹಳೆಯ ಮಾತೇ ಇಲ್ಲಿ ಶೇಕಡಾವಾರಿಗೆ ಬಂದು ಕುಳಿತಿದೆ.

ಆದರೆ ಮೊತ್ತ ನಿಗದಿ ಮಾಡುವವರ ಕೈ ಬಿಗಿಯಾಗಿದ್ದರೆ ಬಡವರು ಕಾಗದದಿಂದ ಮಾಯವಾಗುತ್ತಾರೆ. ಇದಕ್ಕೂ ಮಲೇಷ್ಯಾವೇ ಸಾಕ್ಷಿ. ಅಲ್ಲಿನ ಸರ್ಕಾರದ ಬಡತನ ರೇಖೆ ಕುಟುಂಬಕ್ಕೆ ತಿಂಗಳಿಗೆ 980 ರಿಂಗಿಟ್ ಇತ್ತು, ಅದರ ಪ್ರಕಾರ 2016ರಲ್ಲಿ ದೇಶದ ಬಡತನ ಶೇ. 0.4. ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದ ಫಿಲಿಪ್ ಆಲ್‌ಸ್ಟನ್ 2019ರಲ್ಲಿ ಅಲ್ಲಿಗೆ ಹೋಗಿ ಈ ಲೆಕ್ಕ ನಂಬುವಂಥದ್ದಲ್ಲ ಎಂದರು. ಮರುವರ್ಷ ರೇಖೆಯನ್ನು 2,208 ರಿಂಗಿಟ್‌ಗೆ ಏರಿಸಿದಾಗ 2019ರ ಬಡತನ ಶೇ. 5.6 ಎಂದಾಯಿತು. ಸೇರನ್ನು ಬದಲಿಸಿದ್ದಷ್ಟೇ.

ಇನ್ನು ನಮ್ಮ ಕಡೆಯ ಮನೆಗೆ ಬರೋಣ. ಕೆಲವು ವರ್ಷದ ಹಿಂದೆ ಸಮೀಕ್ಷೆಗೆಂದು ಒಂದು ಮನೆಗೆ ಹೋಗಿದ್ದೆ. ಹೆಂಚಿನ ಮನೆ, ಸೆಗಣಿ ಸಾರಿಸಿದಷ್ಟು ಓರಣ, ಕಿಟಕಿಗೆ ಒಗೆದ ಪರದೆ. ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ನಲವತ್ತರ ಆಸುಪಾಸಿನ ಹೆಂಗಸು, ಮೂಲೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆ. ‘ಊಟದ ವಿಷಯ ಹೇಗೆ’ ಎಂದರೆ ‘ಅಲ್‌ಹಮ್ದುಲಿಲ್ಲಾಹ್, ನಡೆಯುತ್ತದೆ’ ಎಂದರು. ಜೊತೆಗೆ ಬಂದಿದ್ದ ಕಮಿಟಿಯವರೊಬ್ಬರು ಹೊರಗೆ ಬಂದು, ಇವರಿಗೇನೂ ಅಷ್ಟು ತೊಂದರೆಯಿಲ್ಲ ಎಂದು ಷರಾ ಬರೆಯಲು ಹೊರಟರು. ನಾನು ಒಳಗೆ ಕಂಡಿದ್ದು ಬೇರೆ. ಗ್ಯಾಸ್ ಸಿಲಿಂಡರಿನ ಮೇಲೆ ಹಲಗೆಯಿಟ್ಟು ಮಕ್ಕಳ ಪುಸ್ತಕ ಜೋಡಿಸಿದ್ದರು. ಅಡುಗೆ ಆಗುತ್ತಿದ್ದುದು ಹಿತ್ತಿಲಿನ ಸೌದೆ ಒಲೆಯಲ್ಲಿ. ಅತ್ತೆಯ ಮಾತ್ರೆಯ ಪಟ್ಟಿಯಲ್ಲಿ ಎಲ್ಲವನ್ನೂ ಬ್ಲೇಡಿನಿಂದ ಅರ್ಧ ಮಾಡಿಟ್ಟಿದ್ದರು, ವೈದ್ಯರು ಬರೆದಿದ್ದುದು ಇಡೀ ಮಾತ್ರೆ. ಬಳಿಕ ಅವರೇ ತೋರಿಸಿದ ದಿನಸಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಕುಚ್ಚಲಕ್ಕಿ ಎರಡೆರಡೇ ಕೆಜಿ, ಎಣ್ಣೆ ಹತ್ತು ರೂಪಾಯಿಯ ಪೊಟ್ಟಣ. ಸಾಲ ಕೊಡುವ ಅಂಗಡಿಯಲ್ಲೂ ಹತ್ತು ರೂಪಾಯಿಗಿಂತ ಹೆಚ್ಚು ಕೇಳಲು ಅವರಿಗೆ ಸಂಕೋಚ.

ಆ ಪುಸ್ತಕಕ್ಕಿಂತ ಒಳ್ಳೆಯ ಮಾಪಕವನ್ನು ನಾನು ಇವತ್ತಿಗೂ ಕಂಡಿಲ್ಲ. (ಅದನ್ನು ಮನೆಯವರೇ ತೋರಿಸಬೇಕು. ಅವರ ಬೆನ್ನ ಹಿಂದೆ ಅಂಗಡಿಗೆ ಹೋಗಿ ಕೇಳಿದರೆ ನಿಮ್ಮ ಸಮೀಕ್ಷೆ ಅಲ್ಲಿಗೇ ಚಾಡಿಯಾಗುತ್ತದೆ.) ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ 12 ಸೂಚಕಗಳಿವೆ, ವಿದ್ಯುತ್ತು, ಬ್ಯಾಂಕ್ ಖಾತೆ, ಅಡುಗೆ ಇಂಧನ, ಶೌಚಾಲಯ ಇತ್ಯಾದಿ. ರಾಜ್ಯ ರಾಜ್ಯಗಳನ್ನು ಹೋಲಿಸಲು ಅದು ಸರಿ. ನಿಮ್ಮ ಮೊಹಲ್ಲಾದಲ್ಲಿ ಕರೆಂಟಿಲ್ಲದ ಮನೆ, ಖಾತೆಯಿಲ್ಲದ ಮನೆ ಎಷ್ಟು ಸಿಗುತ್ತವೆ? ಎಲ್ಲರಿಗೂ ಇರುವುದನ್ನು ಕೇಳಿ ಯಾರನ್ನೂ ವಿಂಗಡಿಸಲಾಗದು. ನಿಮ್ಮೂರಿನಲ್ಲಿ ಕೇಳಬೇಕಾದ್ದು ಬೇರೆ. ಮನೆಗೆ ಮೀನು ತಂದು ಎಷ್ಟು ದಿನವಾಯಿತು, ಬೂತಾಯಿ ಅಗ್ಗವಾದ ವಾರವೂ ತರಲಿಲ್ಲವೇ? ಕಳೆದ ಸಿಲಿಂಡರ್ ತುಂಬಿಸಿದ್ದು ಯಾವಾಗ? ಬರೆದುಕೊಟ್ಟ ಮಾತ್ರೆ ಪೂರ್ತಿ ತೆಗೆದುಕೊಳ್ಳುತ್ತಾರೆಯೇ? ಅಡವಿಟ್ಟ ಒಡವೆ ಬಿಡಿಸಿದರೇ, ಹರಾಜಾಯಿತೇ? ಇವಕ್ಕೆ ಸುಳ್ಳು ಉತ್ತರ ಬರುವುದು ಅಪರೂಪ, ಏಕೆಂದರೆ ಉತ್ತರ ಎದುರಿಗೇ ಇರುತ್ತದೆ.

ಈಗ ಆ ಮನೆಯಂಥದೇ ಒಂದು ಮನೆಗೆ ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳು ಕ್ರಮ ತಿಳಿಯಲೆಂದು ಹಾಕಿಕೊಂಡವು, ನೀವು ನಿಮ್ಮೂರಿನ ದರ ಹಾಕಿಕೊಳ್ಳಿ. ತಾಯಿ, ಅತ್ತೆ, ಪಿಯುಸಿ ಓದುವ ಮಗ, ಇಬ್ಬರು ಹೆಣ್ಣುಮಕ್ಕಳು. ಬಾಡಿಗೆ 4,000, ಪಡಿತರ ಅಕ್ಕಿ ಬಿಟ್ಟು ಊಟದ ಖರ್ಚು 6,500, ಇಂಧನ 900, ಔಷಧಿ 1,200, ಶಾಲೆ ಮತ್ತು ಬಸ್ಸು 1,500, ಬಟ್ಟೆ, ಮೊಬೈಲ್, ಇತರೆ 900. ಒಟ್ಟು 15,000. ಇದು ಅವರ ಕಿಫಾಯ. ಬರುವುದು ಬೀಡಿಯಿಂದ 4,500, ವಿಧವಾ ವೇತನ 800, ಅತ್ತೆಗೆ ಸಂಧ್ಯಾ ಸುರಕ್ಷಾ 1,200, ಗೃಹಲಕ್ಷ್ಮಿ 2,000, ಒಟ್ಟು 8,500. ಅಂದರೆ ಕಿಫಾಯದ ಶೇ. 57, ಮಲೇಷ್ಯಾದ ಲೆಕ್ಕದಲ್ಲಿ ಮಿಸ್ಕೀನ್. ಗೃಹಲಕ್ಷ್ಮಿ ಹಣ ಬಾರದ ತಿಂಗಳು ಅದೇ ಮನೆ ಶೇ. 43ಕ್ಕೆ ಇಳಿದು ಫಕೀರ್ ಆಗುತ್ತದೆ. ಹೀಗಾಗಿ ನಾನು ಹೆಸರಿಗೆ ಅಂಟಿಕೊಳ್ಳುವುದಿಲ್ಲ, ಕೊರತೆಯ ಮೊತ್ತ ಬರೆದಿಡುತ್ತೇನೆ: ತಿಂಗಳಿಗೆ 6,500, ವರ್ಷಕ್ಕೆ 78,000.

ಸಾಲದ ಮನೆಗಳನ್ನು ಈ ಪಟ್ಟಿಗೆ ಸೇರಿಸಬೇಡಿ. ರಿಕ್ಷಾ ಓಡಿಸಿ ತಿಂಗಳಿಗೆ 22 ಸಾವಿರ ದುಡಿಯುವವನ ಮನೆಯಲ್ಲಿ ವಾರದ ಕಂತುಗಳಿಗೇ 11 ಸಾವಿರ ಹೋಗುತ್ತಿದ್ದರೆ ಆದಾಯದ ಮಿತಿ ಅವನನ್ನು ಹೊರಗಿಡುತ್ತದೆ, ಊಟದ ತಟ್ಟೆ ಬೇರೆ ಕತೆ ಹೇಳುತ್ತದೆ. ಎಂಟು ವರ್ಗಗಳಲ್ಲಿ ಸಾಲಗಾರರಿಗೆಂದೇ ಒಂದು ವರ್ಗವಿದೆ. ಅವರ ಅರ್ಜಿ ಬೇರೆ, ಪರಿಶೀಲನೆ ಬೇರೆ, ಪರಿಹಾರವೂ ಬೇರೆ. ಕಂತು ಕಟ್ಟುತ್ತಿರುವವನ ಕೈಗೆ ದಿನಸಿ ಕಿಟ್ ಕೊಟ್ಟು ಕಳಿಸುವುದು ನನಗೆ ಯಾವತ್ತೂ ಅರ್ಥವಾಗಿಲ್ಲ.

ಲೆಕ್ಕ ಇಷ್ಟು ಹೇಳುತ್ತದೆ. ಇದರ ಮೇಲೆ ಸಾಕ್ಷಿ ಬೇಕು, ಅದಕ್ಕೆ ಪ್ರವಾದಿಯವರೇ ದಾರಿ ಹೇಳಿದ್ದಾರೆ. ಸಹೀಹ್ ಮುಸ್ಲಿಂ ಎಂಬ ಸಂಗ್ರಹದಲ್ಲಿ ಕಬೀಸ ಎಂಬವರಿಂದ ವರದಿಯಾದ ಹದೀಸಿದೆ (ಹದೀಸ್ ಎಂದರೆ ಪ್ರವಾದಿಯವರ ನುಡಿ). ಮೂವರಿಗೆ ಮಾತ್ರ ಕೇಳುವುದು ಸಲ್ಲುತ್ತದೆ. ಪರರ ಹೊಣೆ ಹೊತ್ತು ಸಾಲಕ್ಕೆ ಬಿದ್ದವನಿಗೆ, ವಿಪತ್ತಿನಲ್ಲಿ ಸ್ವತ್ತು ಕಳೆದುಕೊಂಡವನಿಗೆ, ಮತ್ತು ಬಡತನ ಬಡಿದಿದೆ ಎಂದು ಅವನ ಜನರಲ್ಲೇ ಮೂವರು ವಿವೇಕಿಗಳು ಹೇಳುವವನಿಗೆ. ಅದೂ ಎಲ್ಲಿಯವರೆಗೆ? ಬದುಕು ನಿಲ್ಲುವಷ್ಟು ಸಿಗುವವರೆಗೆ. ಯಾರು ಹೇಳಬೇಕು, ಎಷ್ಟರವರೆಗೆ ಕೊಡಬೇಕು, ಎರಡೂ ಒಂದೇ ಹದೀಸಿನಲ್ಲಿವೆ.

ನೆರೆಹೊರೆಯವರ ಮಾತು ಎಷ್ಟು ನಂಬಬಹುದು ಎಂಬುದನ್ನು ಅಭಿಜಿತ್ ಬ್ಯಾನರ್ಜಿ ಸೇರಿದಂತೆ ಕೆಲವು ಅರ್ಥಶಾಸ್ತ್ರಜ್ಞರು ಇಂಡೋನೇಷ್ಯಾದ 640 ಉಪಗ್ರಾಮಗಳಲ್ಲಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಕೆಲವೆಡೆ ಮನೆಯ ಸ್ವತ್ತು ಎಣಿಸಿ ಅಂಕ ಕೊಟ್ಟರು, ಕೆಲವೆಡೆ ಊರವರೇ ಸಭೆ ಸೇರಿ ಬಡವರಿಂದ ಉಳ್ಳವರವರೆಗೆ ಸಾಲು ಮಾಡಿದರು. ಖರ್ಚಿನ ಲೆಕ್ಕಕ್ಕೆ ಹೋಲಿಸಿದಾಗ ಅಂಕದ ಪದ್ಧತಿ ತುಸು ಮೇಲಾಯಿತು, ಆದರೆ ಜನ ಒಪ್ಪಿದ್ದು ಸಭೆಯ ಪಟ್ಟಿಯನ್ನು. ವಿಧವೆಯರಂಥವರ ಕಷ್ಟವನ್ನು ಊರವರು ಖರ್ಚಿನ ಲೆಕ್ಕ ಕಾಣದಷ್ಟು ಕಾಣುತ್ತಿದ್ದರು. ಊರಿನ ದೊಡ್ಡವರು ಪಟ್ಟಿಯನ್ನು ತಮ್ಮವರಿಗೆ ತಿರುಗಿಸಿಕೊಂಡ ಕುರುಹೂ ಸಿಗಲಿಲ್ಲ. ನನಗೆ ಬಹಳ ಉಪಯೋಗವಾದದ್ದು ಅದರಲ್ಲಿನ ಒಂದು ಸಣ್ಣ ಸಂಗತಿ: ಸಭೆಯ ಆರಂಭದಲ್ಲಿ ಚರ್ಚೆಗೆ ಬಂದ ಮನೆಗಳ ತೀರ್ಮಾನ ಸರಿಯಾಗಿತ್ತು, ಕೊನೆಕೊನೆಗೆ ಬಂದವುಗಳಲ್ಲಿ ತಪ್ಪು ಹೆಚ್ಚಿತ್ತು. ಜನ ದಣಿದಿದ್ದರು. ನೀವು ರಂಝಾನಿನ ರಾತ್ರಿ ನಮಾಝಾದ ತರಾವೀಹ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಕುಳಿತು ಒಂದೇ ಉಸಿರಿಗೆ 340 ಅರ್ಜಿ ನೋಡುವವರಾದರೆ 300ನೇ ಅರ್ಜಿಯವರ ಗತಿ ಏನು? ಒಂದು ಸಲಕ್ಕೆ ಇಪ್ಪತ್ತು ಸಾಕು. ಅದೂ ಮೇಲಿಂದ ಕೆಳಗೆ ಕಟ್ಟಿನ ಕ್ರಮದಲ್ಲಿ ಬೇಡ, ಕಲೆಸಿ ತೆಗೆಯಿರಿ.

ಮೂವರು ಸಾಕ್ಷಿಗಳು ಕಮಿಟಿಯ ಮೂವರೇ ಆಗಬಾರದು. ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ಆಶಾ ಕಾರ್ಯಕರ್ತೆಯೋ ಮದರಸದ ಶಿಕ್ಷಕಿಯೋ, ಅಡುಗೆಮನೆಯವರೆಗೆ ಹೋಗಿಬರುವವರು. ಮೂವರನ್ನೂ ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಮೊದಲು ಮಾತಾಡಿದವರ ಮಾತೇ ಮೂವರ ಮಾತಾಗುತ್ತದೆ.

ಇಂಡೋನೇಷ್ಯಾದಲ್ಲಿ ನಮಾಝ್, ಉಪವಾಸ, ಮನೆಯ ವಾತಾವರಣ ಇವಕ್ಕೂ ಅಂಕ ಕೊಟ್ಟು ಆಧ್ಯಾತ್ಮಿಕ ಬಡತನವನ್ನೂ ಅಳೆಯುವ ‘ಸಿಬೆಸ್ಟ್’ ಎಂಬ ಮಾದರಿಯೊಂದಿದೆ. ಝಕಾತ್ ತಲುಪಿದ ಮೇಲೆ ಬದುಕಿನಲ್ಲಿ ಏನು ಬದಲಾಯಿತು ಎಂದು ಅಧ್ಯಯನ ಮಾಡುವವರಿಗೆ ಅದು ಇರಲಿ. ಹಸಿದವಳ ಸುಬ್‌ಹಿ ನಮಾಝಿಗೆ ಅಂಕ ಹಾಕಿ ಸಹಾಯ ತೀರ್ಮಾನಿಸುವ ಕೆಲಸಕ್ಕೆ ನಿಮ್ಮ ಕಮಿಟಿ ಇಳಿಯುವುದು ಬೇಡ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಸಂಖ್ಯೆಯೇ ನನ್ನನ್ನು ಹೆಚ್ಚು ಕಾಡಿದ್ದು. ಅರ್ಜಿ ಹಾಕದವರು ಎಷ್ಟು? ಒಂದೆರಡು ತುತ್ತಿಗಾಗಿ ಮನೆಮನೆ ತಿರುಗುವವನು ಮಿಸ್ಕೀನನಲ್ಲ, ಸಾಕಾಗುವಷ್ಟಿಲ್ಲದೆಯೂ ಯಾರ ಗಮನಕ್ಕೂ ಬಾರದೆ ಉಳಿಯುವವನು ಮಿಸ್ಕೀನ್ ಎಂಬ ಹದೀಸ್ ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿ ಇದೆ. ಕುರ್‌ಆನಿನ ಎರಡನೇ ಅಧ್ಯಾಯದ 273ನೇ ವಚನ, ಅವರ ಸಂಯಮ ನೋಡಿ ಅರಿಯದವನು ಅವರನ್ನು ಸಿರಿವಂತರೆಂದೇ ಎಣಿಸುತ್ತಾನೆ ಎನ್ನುತ್ತದೆ. ನಾವೋ ಒಗೆದ ಪರದೆ ಕಂಡ ಕೂಡಲೇ ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ’ ಎಂಬ ಗಾದೆ ಒಗಾಯಿಸುತ್ತೇವೆ. ನಿಮ್ಮ ಮೂವರು ಸಾಕ್ಷಿಗಳಿಗೆ ಅರ್ಜಿಗಳ ಪಟ್ಟಿ ತೋರಿಸುವ ಮೊದಲೇ, ‘ನಿಮ್ಮ ಓಣಿಯಲ್ಲಿ ಯಾರ ಮನೆಯ ಚಿಂತೆ ನಿಮಗಿದೆ’ ಎಂದು ಐದು ಮನೆಗಳನ್ನು ಹೇಳಿಸಿಕೊಳ್ಳಿ. ಅವುಗಳಲ್ಲಿ ಅರ್ಜಿ ಹಾಕದ ಮನೆ ಎಷ್ಟಿವೆ ನೋಡಿ, ಅಲ್ಲಿಗೆ ನೀವೇ ಹೋಗಿ.

ಸಮಯದ ಬಗ್ಗೆಯೂ ಒಂದು ಮಾತು. ರಂಝಾನ್ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2014ರಲ್ಲಿ ಅದು ಜೂನ್ ಕೊನೆಗೆ ಶುರುವಾಗಿತ್ತು. ಯಾಂತ್ರಿಕ ದೋಣಿಗಳು ಜೂನ್, ಜುಲೈ ಎರಡೂ ತಿಂಗಳು ದಡದಲ್ಲಿ ಕಟ್ಟಿರುವ ಕಾಲ. ಈಗ ಅದು ಫೆಬ್ರುವರಿ ಸುತ್ತಮುತ್ತ ಬಂದಿದೆ, ಮೀನುಗಾರಿಕೆ ನಡೆಯುತ್ತಿರುವ ಕಾಲ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಎರಡು ಸಲ ಬರಲಿದೆ. ಒಂದೇ ಮೀನುಗಾರರ ಮನೆ ಒಂದು ವರ್ಷ ಕಡುಬಡವರಾಗಿಯೂ ಇನ್ನೊಂದು ವರ್ಷ ಅನುಕೂಲಸ್ಥರಾಗಿಯೂ ಕಾಣುವುದು ಹೀಗೆ. ರಂಝಾನಿನಲ್ಲಿ ದಾನದ ಕಿಟ್ಟುಗಳೂ ಬರುವುದರಿಂದ ಆ ತಿಂಗಳ ಅಡುಗೆಮನೆ ನೋಡಿ ವರ್ಷದ ಲೆಕ್ಕ ಬರೆಯಬೇಡಿ. ಮಳೆಗಾಲದಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಮನೆ ಭೇಟಿ ಮುಗಿಸಿಟ್ಟುಕೊಳ್ಳಿ.

ಕೊನೆಗೆ ಹಂಚುವ ವಿಷಯ. ವರ್ಷಕ್ಕೆ 78,000 ಕೊರತೆಯ ಮನೆಗಳಾದರೆ 12 ಲಕ್ಷದಲ್ಲಿ ಪೂರ್ತಿ ಕೊರತೆ ತುಂಬಬಹುದಾದದ್ದು ಹದಿನೈದು ಮನೆಗಳಿಗೆ ಮಾತ್ರ. ಈ ಸತ್ಯ ಕಹಿ. ಆಗ ಕಮಿಟಿಗಳಿಗೆ ಒಂದು ಆಸೆ ಹುಟ್ಟುತ್ತದೆ. ಕಿಫಾಯದ ಶೇ. 90 ಮುಟ್ಟಿದವರಿಗೆ ಸ್ವಲ್ಪ ಸ್ವಲ್ಪ ಕೊಟ್ಟರೆ ‘ಈ ವರ್ಷ ಅರವತ್ತು ಮನೆಗಳನ್ನು ಬಡತನದಿಂದ ಮೇಲೆತ್ತಿದೆವು’ ಎಂದು ವರದಿ ಬರೆಯಬಹುದಲ್ಲ ಎಂದು. ಬಡವರ ತಲೆ ಎಣಿಸುವ ಅಳತೆಯ ದೋಷವೇ ಇದು ಎಂದು ಅಮರ್ತ್ಯ ಸೇನ್ 1976ರಲ್ಲೇ ತೋರಿಸಿದ್ದರು. ಎಷ್ಟು ಆಳದಲ್ಲಿದ್ದಾರೆ ಎಂಬುದು ಆ ಎಣಿಕೆಯಲ್ಲಿ ಕಾಣುವುದೇ ಇಲ್ಲ. ಮಳೆನೀರು ತಗ್ಗನ್ನು ಮೊದಲು ತುಂಬುತ್ತದಲ್ಲ, ಹಾಗೆ ಹಂಚಿ. ಶೇ. 30ರಲ್ಲಿರುವ ಮನೆಗಳನ್ನು 40ಕ್ಕೆ ತನ್ನಿ, ಆಗ 40ರಲ್ಲಿರುವ ಎಲ್ಲರನ್ನೂ 45ಕ್ಕೆ, ಹೀಗೆ ಹಣ ಮುಗಿಯುವವರೆಗೆ. ಮೇಲಿನವರಿಗೆ ಈ ವರ್ಷ ಸಿಗುವುದಿಲ್ಲ. ಅದನ್ನು ಅವರಿಗೆ ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯ ಬೇಕು, ಫಿತ್ರ್ ಝಕಾತ್ (ಈದ್ ಹಬ್ಬಕ್ಕೆ ಮುಂಚೆ ಕೊಡುವ ದಾನ) ಮತ್ತು ಸದಕಾ (ಸ್ವಇಚ್ಛೆಯ ದಾನ) ಹಣದಿಂದ ಅವರಿಗೆ ಹಬ್ಬ ಮಾಡಿಸುವ ದಾರಿಯೂ ಇದೆ. ತಿಂಗಳ ಕಂತಿನಲ್ಲಿ ಕೊಡುವುದು ಸಲ್ಲುತ್ತದೆಯೇ ಎಂದು ಮಾತ್ರ ಮೊದಲೇ ಉಲಮಾಗಳನ್ನು ಕೇಳಿಕೊಳ್ಳಿ.

ಮತ್ತೆ, ಆ 340 ಅರ್ಜಿಗಳ ಜೊತೆ ಬಂದ ಆಧಾರ್ ಪ್ರತಿಗಳು, ಆಸ್ಪತ್ರೆಯ ಚೀಟಿಗಳು ಮಸೀದಿಯ ಕಪಾಟಿನಲ್ಲಿ ಬಿದ್ದಿರುತ್ತವಲ್ಲ, ಅದಕ್ಕೆ ಇವತ್ತೇ ಬೀಗ ಹಾಕಿಸಿ. ಒಂದು ಕೀಲಿ ನಿಮ್ಮ ಬಳಿ, ಇನ್ನೊಂದು ಖಾಝಿಯವರ ಬಳಿ. ಅರ್ಜಿಯ ಮೇಲೆ ಹೆಸರಿನ ಬದಲು ಸಂಖ್ಯೆ ಹಾಕಿ ಸಭೆಗೆ ತನ್ನಿ. ಕೊಡುವಾಗ ಫೋಟೊ ಬೇಡ.